ಬಕೆಟ್ ಸುಣ್ಣ: ಮಡಿಕೇರಿಯ ಹಳೆ ಗೋಡೆಗೆ ಒಗ್ಗುತ್ತದೆಯೇ?

1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿದ ಮೇಲೆ, ವಿಕ್ಟೋರಿಯಾ ಕಾಲದಲ್ಲಿ ಕಟ್ಟಿದ ಮನೆಗಳಲ್ಲಿ ಈಗಲೂ ವಾಸ ಇರುವವರಿಗೆ ಈ ವಿಮರ್ಶೆ. ಸುಟ್ಟ ಸುಣ್ಣದಕಲ್ಲನ್ನು ನೀರು ಹಾಕಿ ಅರಳಿಸಿ, ನೀರಿನಡಿ ಕೊಳೆಹಾಕಿ, ಬಕೆಟ್‌ನಲ್ಲಿ ತುಂಬಿ ಮಾರುವ ಗಿಲಾವಿನ ಸುಣ್ಣ ಇದು. ಬಣ್ಣದಂಗಡಿಯ ವಾಲ್ ಪುಟ್ಟಿಯೆಂದು ತಪ್ಪು ತಿಳಿಯಬೇಡಿ.

ಮಣ್ಣು-ಸುಣ್ಣದಲ್ಲಿ ಕಟ್ಟಿದ ಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ಬಿಡುವ ದಾರಿ ಮುಚ್ಚಿಹೋಗುತ್ತದೆ. ಉಪ್ಪು ಒಳಗೇ ಕಟ್ಟಿ, ಗಿಲಾವಿನ ಜೊತೆ ಇಟ್ಟಿಗೆಯ ಮುಖವೂ ಕಳಚಿ ಬೀಳುತ್ತದೆ. ಸಾಲುಮನೆಯಾದರೆ ಇನ್ನೂ ಪಜೀತಿ: ಪಕ್ಕದವರು ನಡುಗೋಡೆಗೆ ಸಿಮೆಂಟ್ ಬಳಿದರೆ ತೇವ ನಿಮ್ಮ ಕಡೆ ದಾರಿ ಹುಡುಕುತ್ತದೆ. ಸುಣ್ಣದ ಗಿಲಾವು ಈ ದಾರಿ ಮುಚ್ಚುವುದಿಲ್ಲ; ಅದಕ್ಕೆ ಕೊಡುವ ದುಡ್ಡು ಇದಕ್ಕಾಗಿಯೇ.

ಕೊಳ್ಳುವಾಗ ಮುಚ್ಚಳ ತೆಗೆಸಿ ನೋಡಿ. ಮೇಲೆ ನೀರು ನಿಂತಿರಬೇಕು, ಒಳಗೆ ಬೆಣ್ಣೆಯ ಹದ. ಚೂರು ಸುಣ್ಣಕ್ಕೆ ವಿನೆಗರ್ ಹಾಕಿದಾಗ ಭರ್ರನೆ ನೊರೆ ಬಂದರೆ ಗಾಳಿ ತಾಗಿ ಸತ್ತ ಸುಣ್ಣ, ಬೇಡ. ಬೆರಳಿಗೆ ಗಟ್ಟಿ ಕಾಳು ಸಿಕ್ಕರೂ ಬೇಡ: ಅರಳದ ಕಾಳು ಗೋಡೆಯ ಮೇಲೆ ಅರಳಿ, ತಿಂಗಳ ಮೇಲೆ ಗುಳಿ ಬೀಳಿಸುತ್ತದೆ.

25 ಕೆಜಿಯ ಎರಡು ಬಕೆಟ್ 100 ಚದರಡಿಗೆ, 12 ಮಿ.ಮೀ. ದಪ್ಪಕ್ಕೆ ಹೆಚ್ಚುಕಮ್ಮಿ ಸಾಕು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ತೊಳೆದ, ಒರಟು ಮರಳು. ಕರಾವಳಿಯ ಉಪ್ಪುಮರಳು ಬೇಡವೇ ಬೇಡ. ಕಲ್ಲು ಪುಡಿಮಾಡಿದ ಎಂ-ಸ್ಯಾಂಡ್‌ನಲ್ಲಿ ಧೂಳು ಹೆಚ್ಚಿದ್ದರೆ ಬಿರುಕು ಖಂಡಿತ. ಮಳೆ ಹೊಡೆಯುವ ಪಶ್ಚಿಮದ ಗೋಡೆಗೆ ಮಾತ್ರ ಒಂದು ಪಾಲು ಮರಳು ಕಡಿಮೆ ಮಾಡಿ, ಬದಲಿಗೆ ಇಟ್ಟಿಗೆಪುಡಿಯ ಸುರ್ಕಿ ಸೇರಿಸಿ.

ಹಳೇ ಗಿಲಾವು ಕೆತ್ತಿ, ಗೋಡೆಯನ್ನು ಹಿಂದಿನ ದಿನವೇ ನೆನೆಸಿ. ಒಣಗೋಡೆ ಗಾರೆಯ ನೀರು ಹೀರಿದರೆ ಅದು ಪುಡಿಯಾಗಿ ಉದುರುತ್ತದೆ. ಒಂದು ಪದರಕ್ಕೆ 10-12 ಮಿ.ಮೀ. ಮೀರಬೇಡಿ, ಮುಂದಿನ ಪದರಕ್ಕೆ ಮೊದಲು ವಾರವಾದರೂ ಬಿಡಿ. ಅಷ್ಟು ದಿನ ಒದ್ದೆ ಗೋಣಿಚೀಲ ಇಳಿಬಿಡಿ. ಒಳತನಕ ಗಟ್ಟಿಯಾಗಲು ಮಿಲಿಮೀಟರಿಗೆ ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಸಿಮೆಂಟ್‌ಗೆ ಒಗ್ಗಿದ ಮೇಸ್ತ್ರಿಗೆ ಈ ಕಾಯುವಿಕೆ ರೇಜಿಗೆ. ಬೇಗ ಗಟ್ಟಿಯಾಗಲೆಂದು ಒಂದು ಹಿಡಿ ಸಿಮೆಂಟ್ ಬೆರೆಸುತ್ತಾನೆ. ಪಕ್ಕದಲ್ಲೇ ನಿಂತು ನೋಡಿಕೊಳ್ಳಿ.

ಜುಲೈ-ಆಗಸ್ಟ್‌ನ ಜಡಿಮಳೆಯ ಕಕ್ಕಡ ತಿಂಗಳಲ್ಲಿ ಕೈಹಾಕಿದರೆ ಗಾರೆ ತೊಳೆದುಹೋಗುತ್ತದೆ. ನವೆಂಬರ್-ಡಿಸೆಂಬರ್‌ನ ಸುಗ್ಗಿಹಬ್ಬ ಹುತ್ತರಿ ಮುಗಿದ ಮೇಲೆ ಶುರುಮಾಡಿ. ಕೊನೆಗೆ ಹಾಲಿನಷ್ಟು ತೆಳುವಾದ ಸುಣ್ಣ ಮೂರು ಸಲ, ದಿನ ಬಿಟ್ಟು ದಿನ. ಅದರ ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ಬಕೆಟ್ ಕೊಂಡ ದುಡ್ಡು ದಂಡ.