ತಂತಿ, ಬಡ್, ಹೆಡ್‌ಫೋನ್: ಮೂರನ್ನೂ ಬಳಸಿ ನೋಡಿದ ಮೇಲೆ

ಇಯರ್‌ಫೋನ್ ಕೊಳ್ಳುವವರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಧ್ವನಿ ಹೇಗಿದೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ? ಬಹಳ ಕಾಲ ಮೂರು ಬಗೆಯವನ್ನೂ ಬಳಸಿದ ಮೇಲೆ ನನಗೆ ಇವೆರಡಕ್ಕಿಂತ ಬೇರೆ ಎರಡು ಪ್ರಶ್ನೆಗಳು ಮುಖ್ಯವೆನಿಸಿವೆ. ಹಾಡು ಸ್ಪಷ್ಟವಾಗಿ ಕೇಳಬೇಕಾದರೆ ಧ್ವನಿಯನ್ನು ಎಷ್ಟರವರೆಗೆ ಏರಿಸಬೇಕಾಗುತ್ತದೆ? ಕೆಟ್ಟರೆ ಅದು ರಿಪೇರಿಯಾಗುತ್ತದೆಯೇ? ಈ ಅಳತೆಗೋಲು ಹಿಡಿದರೆ, ಎಲ್ಲರ ಕಿವಿಯಲ್ಲೂ ಕಾಣುವ ಪುಟ್ಟ ನಿಸ್ತಂತು ಬಡ್‌ಗಳು ಕೊನೆಯ ಸ್ಥಾನಕ್ಕೆ ಇಳಿಯುತ್ತವೆ. ಹಾಗೇಕೆ ಎಂಬುದನ್ನು ಹೇಳುತ್ತೇನೆ.

ಹೋಲಿಕೆಗೆ ಇಟ್ಟುಕೊಂಡದ್ದು ಮೂರು: ರಬ್ಬರ್ ತುದಿಯ ತಂತಿ ಇಯರ್‌ಫೋನ್, ಬ್ಲೂಟೂತ್ ಬಡ್‌ಗಳ ಜೋಡಿ, ಕಿವಿಯನ್ನು ಪೂರ್ತಿ ಮುಚ್ಚುವ, ಹೊರಗಿನ ಸದ್ದನ್ನು ಅಡಗಿಸುವ ದೊಡ್ಡ ಹೆಡ್‌ಫೋನ್. ಫೋನ್ ಒಂದೇ, ಹಾಡುಗಳೂ ಅವೇ. ನಿಶ್ಶಬ್ದವಾದ ಕೋಣೆ, ರೈಲು ಪ್ರಯಾಣ, ಬೆಳಗಿನ ನಡಿಗೆ, ಕಚೇರಿಯ ಫೋನ್ ಕರೆಗಳು, ರಾತ್ರಿಯ ಸಿನಿಮಾ, ಹೀಗೆ ಎಲ್ಲ ಕಡೆಯೂ ಅದಲು ಬದಲು ಮಾಡಿ ಕೇಳಿದ್ದೇನೆ.

ಮೊದಲು ನಿಶ್ಶಬ್ದ ಕೋಣೆ. ಸಿಡಿಯಲ್ಲಿರುವ ಸಂಗೀತ ಸೆಕೆಂಡಿಗೆ 1,411 ಕಿಲೋಬಿಟ್ ಮಾಹಿತಿಯನ್ನು ಬೇಡುತ್ತದೆ. ಸಂಗೀತ ಸಾಗಿಸುವ ಬ್ಲೂಟೂತ್ ಸಾಧನಗಳಲ್ಲಿ ಕಡ್ಡಾಯವಾಗಿರುವ ಎಸ್‌ಬಿಸಿ ಎಂಬ ಕೋಡೆಕ್ (ಧ್ವನಿಯನ್ನು ಕುಗ್ಗಿಸಿ ಕಳುಹಿಸುವ ವಿಧಾನ) ಒಳ್ಳೆಯ ಗುಣಮಟ್ಟದಲ್ಲಿ ಸಾಗಿಸುವುದು ಸುಮಾರು 328 ಕಿಲೋಬಿಟ್. ಎಲ್‌ಡಿಎಸಿ ಎಂಬ ಇನ್ನೊಂದು 990ರವರೆಗೆ ಹೋಗುತ್ತದೆ, ಆದರೆ ಸುತ್ತ ಬೇರೆ ರೇಡಿಯೋ ಅಲೆಗಳ ಗದ್ದಲವಿದ್ದರೆ ಅದೂ ಇಳಿಯುತ್ತದೆ. ತಂತಿಗೆ ಈ ಇಕ್ಕಟ್ಟಿಲ್ಲ. ಅಂಕಿಗಳನ್ನು ನೋಡಿದರೆ ವ್ಯತ್ಯಾಸ ದೊಡ್ಡದು, ಕಿವಿಗೆ ಅಷ್ಟಿಲ್ಲ. ಮಾತಿನ ಕಾರ್ಯಕ್ರಮಗಳಲ್ಲಿ ನನಗೆ ಯಾವ ಭೇದವೂ ತಿಳಿಯಲಿಲ್ಲ. ಹಾಡುಗಳಲ್ಲಿ ತಾಳದ ಲೋಹದ ಸದ್ದು ಕ್ಷೀಣಿಸುತ್ತಾ ಹೋಗುವಾಗ, ಸಭಿಕರ ಚಪ್ಪಾಳೆ ಕೇಳುವಾಗ ಮಾತ್ರ ತಂತಿಯದು ಸ್ವಚ್ಛವೆನಿಸುತ್ತದೆ. ಇದಕ್ಕಿಂತ ಬಹಳ ದೊಡ್ಡ ವ್ಯತ್ಯಾಸ ತರುವುದು ರಬ್ಬರ್ ತುದಿಯ ಅಳತೆ. ಕಿವಿಯ ಬಾಯಿಗೆ ಅದು ಸರಿಯಾಗಿ ಕೂರದೆ ಸ್ವಲ್ಪ ಗಾಳಿ ನುಸುಳಿದರೂ ಮಂದ್ರ ಸ್ವರಗಳೆಲ್ಲ ಸೋರಿಹೋಗುತ್ತವೆ. ಪೆಟ್ಟಿಗೆಯಲ್ಲಿ ಮೂರು ಅಳತೆಯ ತುದಿಗಳನ್ನು ಕೊಟ್ಟಿರುತ್ತಾರೆ. ಎರಡು ಕಿವಿಗೂ ಬೇರೆ ಬೇರೆ ಅಳತೆ ಬೇಕಾಗಬಹುದು. ಕೋಡೆಕ್‌ಗಳ ಬಗ್ಗೆ ವಾದಿಸುವ ಮೊದಲು ಇದನ್ನು ಪರೀಕ್ಷಿಸಿಕೊಳ್ಳಿ.

ವಿಳಂಬದ ವಿಷಯ ಹೀಗಲ್ಲ. ಬ್ಲೂಟೂತ್‌ನಲ್ಲಿ ಧ್ವನಿಯನ್ನು ಕುಗ್ಗಿಸಿ, ಕಳುಹಿಸಿ, ಮತ್ತೆ ಹಿಗ್ಗಿಸುವಷ್ಟರಲ್ಲಿ ಸೆಕೆಂಡಿನ ಐದನೆಯ ಒಂದು ಭಾಗ ಕಳೆದುಹೋಗುವುದು ಸಾಮಾನ್ಯ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅಂದರೆ ಸುಮಾರು ಎಪ್ಪತ್ತು ಮೀಟರ್ ದೂರದಲ್ಲಿ ಯಾರೋ ಬಾರಿಸಿದ ಡೋಲನ್ನು ಕೇಳಿದಂತೆ. ಸಿನಿಮಾ ನೋಡುವಾಗ ಇದು ಗೊತ್ತಾಗುವುದಿಲ್ಲ. ಒಳ್ಳೆಯ ಆ್ಯಪ್‌ಗಳು ಚಿತ್ರವನ್ನೂ ಅಷ್ಟೇ ತಡೆಹಿಡಿದು ತುಟಿಗೂ ಮಾತಿಗೂ ಹೊಂದಾಣಿಕೆ ಮಾಡುತ್ತವೆ. ಆದರೆ ಆಟದಲ್ಲಿ ಗುಂಡಿ ಒತ್ತುವುದು ನಾವು, ಕೀಬೋರ್ಡ್ ನುಡಿಸುವುದೂ ನಾವು. ನಮ್ಮ ಬೆರಳನ್ನು ಯಾವ ಆ್ಯಪ್ ಕೂಡ ತಡೆಹಿಡಿಯಲಾರದು. ನಿಸ್ತಂತು ಸಾಧನ ಹಾಕಿಕೊಂಡು ಕೀಬೋರ್ಡ್ ಅಭ್ಯಾಸ ಮಾಡುವುದು ನನಗೆ ಸಾಧ್ಯವೇ ಆಗಲಿಲ್ಲ. ಇಲ್ಲಿ ತಂತಿಗೆ ಎದುರಾಳಿಯೇ ಇಲ್ಲ.

ಫೋನ್ ಕರೆಗಳಲ್ಲೂ ತಂತಿಯೇ ಮುಂದೆ, ಅದಕ್ಕೆ ಒಂದು ವಿಚಿತ್ರ ಕಾರಣವಿದೆ. ಬಡ್‌ನಲ್ಲಿ ಹಾಡು ಕೇಳುತ್ತಿರುವಾಗ ಕರೆ ಬಂದು ಮೈಕ್ ಚಾಲೂ ಆದ ಕೂಡಲೇ ಬ್ಲೂಟೂತ್ ಬೇರೊಂದು ವಿಧಾನಕ್ಕೆ ಬದಲಾಗುತ್ತದೆ. ಎರಡೂ ದಿಕ್ಕಿನಲ್ಲಿ ಧ್ವನಿ ಸಾಗಿಸಬೇಕಾದ್ದರಿಂದ ಗುಣಮಟ್ಟ ಹಳೆಯ ದೂರವಾಣಿಯ ಮಟ್ಟಕ್ಕೆ ಇಳಿಯುತ್ತದೆ. ಕಂಪ್ಯೂಟರಿನಲ್ಲಿ ಸಭೆಗೆ ಸೇರಿದಾಗ ಎಲ್ಲರ ಧ್ವನಿಯೂ ಒಮ್ಮೆಲೇ ಡಬ್ಬದೊಳಗಿನಿಂದ ಬಂದಂತೆ ಕೇಳುವುದು ಇದರಿಂದಲೇ. 2020ರಲ್ಲಿ ಘೋಷಣೆಯಾದ ಎಲ್‌ಇ ಆಡಿಯೋ ಎಂಬ ಹೊಸ ವ್ಯವಸ್ಥೆ ಇದನ್ನು ಸರಿಪಡಿಸುತ್ತದೆ, ಆದರೆ ಫೋನ್ ಮತ್ತು ಬಡ್ ಎರಡರಲ್ಲೂ ಅದು ಇರಬೇಕು. ತಂತಿಯ ಮೈಕ್ ಬಾಯಿಯ ಹತ್ತಿರ ತೂಗುತ್ತಿರುತ್ತದೆ. ಅದು ಅಂಗಿಗೆ ಉಜ್ಜದಂತೆ ನೋಡಿಕೊಂಡರೆ ಸಾಕು. ಜೋರು ಗಾಳಿಯಿರುವಾಗ ಮಾತ್ರ, ಹಲವು ಮೈಕ್‌ಗಳಿರುವ ದೊಡ್ಡ ಹೆಡ್‌ಫೋನ್ ನನ್ನ ಮಾತನ್ನು ಚೆನ್ನಾಗಿ ಹೆಕ್ಕಿ ಕಳುಹಿಸಿತು.

ತಂತಿಯ ತೊಂದರೆಗಳನ್ನು ಮುಚ್ಚಿಡುವುದಿಲ್ಲ. ಜೇಬಿನಲ್ಲಿ ಸಿಕ್ಕುಗಟ್ಟುತ್ತದೆ. ಬಾಗಿಲಿನ ಹಿಡಿಗೆ ಸಿಲುಕಿ ಕಿವಿಯಿಂದ ಕಿತ್ತುಬರುತ್ತದೆ. ಓಡುವಾಗ ಬಟ್ಟೆಗೆ ತಾಗಿದ ಪ್ರತಿ ಸದ್ದೂ ತಂತಿಯ ಮೂಲಕ ಕಿವಿಗೆ ಬಡಿಯುತ್ತದೆ. ಎಲ್ಲಕ್ಕಿಂತ ದೊಡ್ಡ ಅಡ್ಡಿ, ಅದನ್ನು ಚುಚ್ಚಲು ಈಗಿನ ಹೆಚ್ಚಿನ ಫೋನ್‌ಗಳಲ್ಲಿ ತೂತೇ ಇಲ್ಲ. ಹತ್ತೊಂಬತ್ತನೆಯ ಶತಮಾನದ ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ಹುಟ್ಟಿದ ಕಾಲು ಅಂಗುಲದ ಜ್ಯಾಕ್ ಚಿಕ್ಕದಾಗಿ 3.5 ಮಿಲಿಮೀಟರಿನದಾಯಿತು. 1979ರ ವಾಕ್‌ಮನ್ ಅದನ್ನು ಎಲ್ಲರ ಕೈಗೂ ತಲುಪಿಸಿತು. 2016ರಲ್ಲಿ ಐಫೋನ್ 7 ಅದನ್ನು ಕೈಬಿಟ್ಟ ಮೇಲೆ ಉಳಿದ ತಯಾರಕರಲ್ಲಿ ಹೆಚ್ಚಿನವರು ಅದೇ ದಾರಿ ಹಿಡಿದರು. ಇದು ಬಳಕೆದಾರರು ಕೇಳಿದ ಬದಲಾವಣೆಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈಗ ಟೈಪ್ ಸಿ ಅಡಾಪ್ಟರ್ ಬೇಕು. ಇದರಲ್ಲೊಂದು ತೊಡಕಿದೆ. ಕೆಲವು ಅಡಾಪ್ಟರ್‌ಗಳ ಒಳಗೆ ಅಂಕಿಗಳನ್ನು ಧ್ವನಿಯಾಗಿ ಪರಿವರ್ತಿಸುವ ಡಿಎಸಿ ಎಂಬ ಚಿಪ್ ಇರುತ್ತದೆ, ಕೆಲವು ಬರಿಯ ತಂತಿ ಜೋಡಣೆ. ಚಿಪ್ ಇಲ್ಲದವು ಕೆಲವೇ ಫೋನ್‌ಗಳಲ್ಲಿ ಕೆಲಸ ಮಾಡುತ್ತವೆ. ಆದ್ದರಿಂದ ಕೊಳ್ಳುವಾಗ ಡಿಎಸಿ ಇದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು.

ಇನ್ನು ರೈಲು. ಇಲ್ಲಿ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಗಾಲಿಗಳ ಗುಡುಗುಡು ಸದ್ದಿನಲ್ಲಿ ತಂತಿಯ ಇಯರ್‌ಫೋನ್ ಹಾಕಿಕೊಂಡಾಗ, ಹಾಡಿನ ಸಾಹಿತ್ಯ ತಿಳಿಯಬೇಕೆಂದರೆ ಧ್ವನಿಪಟ್ಟಿಯನ್ನು ಬಹುತೇಕ ತುದಿಗೆ ಒಯ್ಯಬೇಕಾಯಿತು. ಅದೇ ಹಾಡು, ಅದೇ ಬೋಗಿ, ಕಿವಿ ಮುಚ್ಚುವ ಹೆಡ್‌ಫೋನ್‌ನಲ್ಲಿ ಅರ್ಧದಷ್ಟೂ ಏರಿಸಬೇಕಾಗಲಿಲ್ಲ.

ಶಬ್ದವನ್ನು ಶಬ್ದದಿಂದಲೇ ಅಡಗಿಸುವ ಈ ಉಪಾಯ ಹಳೆಯದು. ಜರ್ಮನಿಯ ಪಾಲ್ ಲ್ಯೂಗ್ ಎಂಬಾತನಿಗೆ 1936ರಲ್ಲೇ ಅಮೆರಿಕದ ಪೇಟೆಂಟ್ ಸಿಕ್ಕಿತ್ತು. ಬೋಸ್ ಎಂಬ ಧ್ವನಿ ಸಾಧನಗಳ ಕಂಪನಿಯ ಸ್ಥಾಪಕ ಅಮರ್ ಬೋಸ್ 1978ರಲ್ಲಿ ವಿಮಾನ ಪ್ರಯಾಣ ಮಾಡುತ್ತಿದ್ದಾಗ ಎಂಜಿನ್ ಸದ್ದಿನಲ್ಲಿ ಸಂಗೀತ ಮುಳುಗಿಹೋಗುವುದನ್ನು ಕಂಡು ಇದನ್ನು ಹೆಡ್‌ಫೋನಿಗೆ ಅಳವಡಿಸುವ ಕೆಲಸಕ್ಕೆ ತೊಡಗಿದರು. ಮೈಕ್ ಹೊರಗಿನ ಸದ್ದನ್ನು ಹಿಡಿಯುತ್ತದೆ, ಚಿಪ್ ಅದರ ತದ್ವಿರುದ್ಧ ಅಲೆಯನ್ನು ಕಟ್ಟುತ್ತದೆ, ಅಲೆಯ ಉಬ್ಬು ಇನ್ನೊಂದರ ತಗ್ಗಿಗೆ ಸೇರಿ ಎರಡೂ ಕುಸಿಯುತ್ತವೆ. 100 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ ನೂರು ಸಲ ಕಂಪಿಸುವ, ಗುಡುಗುಡು ಸದ್ದಿನ ಅಲೆ ಮೂರು ಮೀಟರಿಗಿಂತ ಉದ್ದ, ಆದ್ದರಿಂದ ಸಣ್ಣಪುಟ್ಟ ತಪ್ಪುಗಳನ್ನು ಅದು ಸಹಿಸುತ್ತದೆ. ಸಾವಿರ ಹರ್ಟ್ಸ್ ದಾಟಿದ ಮೇಲೆ ಅಲೆ ಒಂದು ಅಡಿಯಷ್ಟಾಗಿ, ಇನ್ನೂ ಮೇಲೆ ಹೋದಂತೆ ಅಂಗುಲಗಳಿಗೆ ಇಳಿಯುತ್ತದೆ. ಸ್ವಲ್ಪ ಹೊಂದಾಣಿಕೆ ತಪ್ಪಿದರೂ ಸದ್ದು ಅಳಿಯುವ ಬದಲು ಉಳಿಯುತ್ತದೆ. ಹಾಗಾಗಿಯೇ ಎಂಜಿನ್, ಫ್ಯಾನ್, ಗಾಲಿಗಳ ಸದ್ದು ಮಾಯವಾದರೂ ಮಗುವಿನ ಅಳು, ಪಕ್ಕದವರ ಮಾತು ಒಳಗೆ ಬರುತ್ತವೆ. ಅವನ್ನು ತಡೆಯುವುದು ಚಿಪ್ ಅಲ್ಲ, ಕಿವಿಯ ಸುತ್ತ ಕೂರುವ ದಪ್ಪ ಮೆತ್ತೆ. ಬಡ್‌ಗಳಲ್ಲೂ ಇದೇ ತಂತ್ರವಿದೆ, ಕೆಲಸವೂ ಚೆನ್ನಾಗಿಯೇ ನಡೆಯುತ್ತದೆ. ಆದರೆ ತುದಿ ಸ್ವಲ್ಪ ಸಡಿಲವಾದರೆ ಎಲ್ಲ ಲಾಭವೂ ಹೋಗುತ್ತದೆ. ಮಾತಾಡಿದಾಗ, ಏನಾದರೂ ಅಗಿದಾಗ ನನ್ನವು ಸಡಿಲವಾಗುತ್ತಲೇ ಇದ್ದವು.

ಈ ವ್ಯತ್ಯಾಸಕ್ಕೆ ನಾನೇಕೆ ಇಷ್ಟು ತೂಕ ಕೊಡುತ್ತೇನೆಂದರೆ, ಕಿವಿಯ ಒಳಗಿರುವ ಶ್ರವಣದ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹಾಕಿಕೊಟ್ಟಿರುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಮೂರು ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಇಮ್ಮಡಿಯಾಗುತ್ತದೆ, ಆದ್ದರಿಂದ ಕೇಳಬಹುದಾದ ಅವಧಿ ಅರ್ಧವಾಗುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ ಐದೇ ಗಂಟೆ. ದಿನವೂ ಗದ್ದಲದಲ್ಲಿ ಓಡಾಡುವವರು ತಂತಿ ಇಯರ್‌ಫೋನ್‌ನಲ್ಲಿ ಈ ಐದು ಗಂಟೆಯನ್ನು ವಾರದ ಮಧ್ಯದೊಳಗೆ ಮುಗಿಸಿಬಿಡಬಲ್ಲರು, ಅವರಿಗೆ ಅದು ಗೊತ್ತೂ ಆಗುವುದಿಲ್ಲ. ಅಂಥವರಿಗೆ ಸದ್ದಡಗಿಸುವ ಹೆಡ್‌ಫೋನ್ ಐಷಾರಾಮವಲ್ಲ, ಕಿವಿಯ ರಕ್ಷಣೆ. ಭಾರ ಹೆಚ್ಚು, ಬೇಸಿಗೆಯಲ್ಲಿ ಕಿವಿ ಬೆವರುತ್ತದೆ, ಚೀಲದಲ್ಲಿ ಜಾಗ ತಿನ್ನುತ್ತದೆ. ಇಷ್ಟಾದರೂ ಪ್ರಯಾಣಕ್ಕೆ ನಾನು ಅದನ್ನೇ ಹಿಡಿಯುತ್ತೇನೆ. ರಸ್ತೆಯಲ್ಲಿ ನಡೆಯುವಾಗ ಮಾತ್ರ ಬೇಡವೇ ಬೇಡ, ಹಿಂದೆ ಬರುವ ವಾಹನದ ಸದ್ದು ಕಿವಿಗೆ ಬೀಳಲೇಬೇಕು.

ಇನ್ನು ಬಾಳಿಕೆ. ಬಡ್‌ಗಳ ಮೇಲೆ ನನಗಿರುವ ನಿಜವಾದ ಸಿಟ್ಟು ಇಲ್ಲಿಯದು. ಲಿಥಿಯಂ ಅಯಾನ್ ಬ್ಯಾಟರಿ ಕೆಲವು ನೂರು ಸಲ ಚಾರ್ಜ್ ಆದ ಮೇಲೆ ಸೊರಗುವುದು ಅದರ ರಸಾಯನದ ಗುಣ. ಬಡ್‌ನ ಬ್ಯಾಟರಿ ಒಂದು ಗುಂಡಿಯಷ್ಟಿರುವುದರಿಂದ ದಿನವೂ ಖಾಲಿಯಾಗುತ್ತದೆ, ದಿನವೂ ತುಂಬುತ್ತದೆ, ಬೇಗ ಸವೆಯುತ್ತದೆ. ನನ್ನ ಜೋಡಿಯಲ್ಲಿ ಎಡಗಡೆಯದು ಮೊದಲು ಸೊರಗಿತು. ಬಿಚ್ಚಿ ಬ್ಯಾಟರಿ ಬದಲಿಸುವಂತಿಲ್ಲ, ಎಲ್ಲವನ್ನೂ ಅಂಟು ಹಾಕಿ ಮುಚ್ಚಿರುತ್ತಾರೆ. ಸೇವಾ ಕೇಂದ್ರದಲ್ಲಿ ಸಿಕ್ಕ ಉತ್ತರ ಹೊಸದನ್ನು ಕೊಳ್ಳಿ ಎಂಬುದಷ್ಟೇ. ಸ್ಪೀಕರ್ ಸರಿಯಿದೆ, ಮೈಕ್ ಸರಿಯಿದೆ, ಚಿಪ್ ಸರಿಯಿದೆ, ಗುಂಡಿಯಷ್ಟು ಬ್ಯಾಟರಿಗಾಗಿ ಅಷ್ಟನ್ನೂ ಕಸಕ್ಕೆ ಹಾಕಬೇಕು. ಇದನ್ನು ತಂತ್ರಜ್ಞಾನದ ಮುನ್ನಡೆ ಎಂದು ನಾನು ಒಪ್ಪುವುದಿಲ್ಲ. ತಂತಿಯದು ಕೆಡುವುದು ಹೆಚ್ಚಾಗಿ ಪ್ಲಗ್‌ನ ಬುಡದಲ್ಲಿ. ತಂತಿ ಕಳಚಿ ಬದಲಿಸಬಹುದಾದ ಮಾದರಿ ತೆಗೆದುಕೊಂಡರೆ ಅದೂ ಕೆಲವು ಕ್ಷಣಗಳ ಕೆಲಸ. ದೊಡ್ಡ ಹೆಡ್‌ಫೋನ್ ಇವೆರಡರ ನಡುವೆ ನಿಲ್ಲುತ್ತದೆ: ಬ್ಯಾಟರಿ ದೊಡ್ಡದಾದ್ದರಿಂದ ನಿಧಾನ ಸವೆಯುತ್ತದೆ, ಮೆತ್ತೆಯ ಹೊದಿಕೆ ಸಿಪ್ಪೆಯೆದ್ದರೆ ಹೊಸ ಮೆತ್ತೆ ಸಿಗುತ್ತದೆ. ಬ್ಯಾಟರಿ ಸತ್ತ ಮೇಲೂ ತಂತಿ ಚುಚ್ಚಿ ಕೇಳಬಹುದಾದ ಮಾದರಿಗಳಿವೆ, ಕೊಂಡರೆ ಅಂಥದ್ದನ್ನೇ ಕೊಳ್ಳಬೇಕು.

ಮಾರುಕಟ್ಟೆ ತಾನಾಗಿ ಇದನ್ನು ಸರಿಪಡಿಸುತ್ತದೆಂಬ ನಂಬಿಕೆ ನನಗಿಲ್ಲ. ಕಾನೂನು ಬೇಕು. ಐರೋಪ್ಯ ಒಕ್ಕೂಟ ಈ ವಿಷಯದಲ್ಲಿ ಎರಡು ಹೆಜ್ಜೆ ಇಟ್ಟಿದೆ. 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರುವ ಹೊಸ ಫೋನ್, ಹೆಡ್‌ಫೋನ್, ಬಡ್‌ಗಳೆಲ್ಲ ತಂತಿಯಿಂದ ಚಾರ್ಜ್ ಆಗುವುದಾದರೆ ಟೈಪ್ ಸಿ ಮೂಲಕವೇ ಆಗಬೇಕು. ಅದರ ಫಲವನ್ನು ಆ ಒಕ್ಕೂಟದ ಹೊರಗಿರುವವರೂ ಉಣ್ಣುತ್ತಿದ್ದಾರೆ, ಒಂದೊಂದು ಪ್ರದೇಶಕ್ಕೆ ಒಂದೊಂದು ಬಗೆಯ ತೂತು ಕೊರೆಯುವುದು ತಯಾರಕರಿಗೆ ಲಾಭದ ಕೆಲಸವಲ್ಲ. ಎರಡನೆಯದು 2023ರ ಬ್ಯಾಟರಿ ನಿಯಮ: 2027ರ ಫೆಬ್ರವರಿ 18ರಿಂದ ಸಾಧನಗಳಲ್ಲಿನ ಸಣ್ಣ ಬ್ಯಾಟರಿಗಳನ್ನು ಬಳಕೆದಾರರೇ ಸಾಮಾನ್ಯ ಉಪಕರಣಗಳಿಂದ ತೆಗೆದು ಬದಲಿಸುವಂತಿರಬೇಕು. ಮುಖ್ಯವಾಗಿ ಒದ್ದೆಯಲ್ಲೇ ಬಳಸುವ ಸಾಧನಗಳಿಗೆ ಅದರಲ್ಲಿ ಸಡಿಲಿಕೆಯಿದೆ. ಬೆವರು ತಡೆಯುತ್ತದೆಂಬ ನೆಪದಲ್ಲಿ ಬಡ್‌ಗಳು ಆ ಸಂದಿಯಿಂದ ನುಸುಳಿ ಹೋಗಬಾರದು.

ಹಾಗಾದರೆ ಬಡ್‌ಗೆ ಜಾಗವೇ ಇಲ್ಲವೇ? ಇದೆ. ವ್ಯಾಯಾಮ ಮಾಡುವಾಗ, ಮನೆಗೆಲಸದ ನಡುವೆ ಒಂದೇ ಕಿವಿಗೆ ಹಾಕಿಕೊಂಡು ಮಾತಿನ ಕಾರ್ಯಕ್ರಮ ಕೇಳುವಾಗ ಅದರಷ್ಟು ಹಗುರವಾದದ್ದು ಬೇರೆ ಇಲ್ಲ. ಇದಕ್ಕಿಂತ ಮಹತ್ವದ ಇನ್ನೊಂದು ಬಳಕೆ ಈಗ ತೆರೆದುಕೊಂಡಿದೆ. ಆಪಲ್ ಕಂಪನಿಯ ಏರ್‌ಪಾಡ್ಸ್ ಪ್ರೊ ಬಡ್‌ಗಳನ್ನು ಶ್ರವಣ ಸಾಧನವಾಗಿ ಬಳಸುವ ತಂತ್ರಾಂಶಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2024ರ ಸೆಪ್ಟೆಂಬರಿನಲ್ಲಿ ಅನುಮತಿ ನೀಡಿತು. ಅದು ಅಲ್ಪ ಅಥವಾ ಮಧ್ಯಮ ಮಟ್ಟದ ಕಿವುಡುತನವಿರುವ ವಯಸ್ಕರಿಗೆ. ಶ್ರವಣ ಸಾಧನ ಹಾಕಿಕೊಂಡರೆ ಜನ ಏನೆಂದುಕೊಳ್ಳುತ್ತಾರೋ ಎಂದು ಅಂಜಿ ವರ್ಷಗಟ್ಟಲೆ ಅರ್ಧಂಬರ್ಧ ಕೇಳಿಸಿಕೊಂಡೇ ಬದುಕುವ ಹಿರಿಯರು ಎಷ್ಟೋ ಮಂದಿ ಇದ್ದಾರೆ. ಎಲ್ಲರ ಕಿವಿಯಲ್ಲೂ ಇರುವ ವಸ್ತುವನ್ನು ಹಾಕಿಕೊಳ್ಳಲು ಅವರಿಗೆ ಸಂಕೋಚವಿರುವುದಿಲ್ಲ. ಅಂಥವರ ವಿಷಯದಲ್ಲಿ ನನ್ನ ಪಟ್ಟಿಯ ಕೊನೆಯ ಸ್ಥಾನ ಮೊದಲನೆಯದಾಗುತ್ತದೆ. ಬ್ಯಾಟರಿ ಬದಲಿಸುವ ಅವಕಾಶ ಎಲ್ಲರಿಗಿಂತ ಮೊದಲು ಬೇಕಾಗಿರುವುದೂ ಅವರಿಗೇ: ಹಾಡು ಕೇಳುವವರ ಬಡ್ ಸತ್ತರೆ ಅಂದಿಗೆ ಹಾಡು ನಿಲ್ಲುತ್ತದೆ, ಅವರದು ಸತ್ತರೆ ಎದುರಿಗಿರುವವರ ಮಾತೇ ನಿಲ್ಲುತ್ತದೆ.