ಎಂಡ್‌ನ ಹೊರ ದ್ವೀಪಗಳಿಗೆ ಇದ್ದಬದ್ದದ್ದನ್ನೆಲ್ಲ ಹೊತ್ತು ಹೋಗಬೇಡಿ

ಮೈನ್‌ಕ್ರಾಫ್ಟ್ ಆಟದ ಕೊನೆಯ ಲೋಕವಾದ ಎಂಡ್‌ನಲ್ಲಿ ಮೊದಲ ಬಾರಿಗೆ ಡ್ರ್ಯಾಗನ್ ಕೊಂದ ಸಂಭ್ರಮದಲ್ಲಿ ಇರುವವರು ದಯವಿಟ್ಟು ಇದನ್ನು ಓದಿ, ಆಮೇಲೆ ಮುಂದಿನ ಹೆಜ್ಜೆ ಇಡಿ. ಕಳೆದ ಶನಿವಾರ ರಾತ್ರಿ ನಾನು ಎರಡು ವರ್ಷದ ಗಳಿಕೆಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಕಳೆದುಕೊಂಡೆ. ಅದರಲ್ಲಿ ನನ್ನದಲ್ಲದ ವಸ್ತುವೂ ಒಂದಿತ್ತು.

ತಂಗಿ ಓದಲೆಂದು ಬೇರೆ ಊರಿಗೆ ಹೊರಡುವ ಹಿಂದಿನ ದಿನ, ನಾವಿಬ್ಬರೂ ಸೇರಿ ಕಟ್ಟಿದ ಲೋಕದಲ್ಲಿ ತನ್ನ ವಜ್ರದ ಪಿಕಾಸಿಯನ್ನು ನನ್ನ ಪೆಟ್ಟಿಗೆಯಲ್ಲಿ ಇಟ್ಟು ಹೋಗಿದ್ದಳು. ಅದಕ್ಕೆ ‘ಚಿನ್ನಿ’ ಎಂದು ಹೆಸರು ಕೊಟ್ಟಿದ್ದಳು. ಫಾರ್ಚೂನ್ ಮೂರನೆಯ ಹಂತ, ಮೆಂಡಿಂಗ್, ಎಲ್ಲ ಮಂತ್ರಗಳನ್ನೂ ಒಂದೊಂದಾಗಿ ಕೂಡಿಸಿದ ಪಿಕಾಸಿ. ಅದನ್ನು ನಾನು ಜೊತೆಗೆ ಒಯ್ದದ್ದೇ ತಪ್ಪು.

ಡ್ರ್ಯಾಗನ್ ಇರುವ ನಡುವಿನ ದ್ವೀಪಕ್ಕೆ ಎಲ್ಲರೂ ಭಯಪಟ್ಟು, ತಯಾರಾಗಿಯೇ ಹೋಗುತ್ತಾರೆ. ಅದು ಸತ್ತ ಮೇಲೆ ಒಡೆಯಲಾಗದ ಬೆಡ್‌ರಾಕ್ ಕಲ್ಲು ಸುತ್ತಿದ ಸಣ್ಣ ದ್ವಾರವೊಂದು ಮೂಡುತ್ತದೆ. ಅದರೊಳಗೆ ಎಂಡರ್ ಪರ್ಲ್ (ಎಸೆದ ಕಡೆಗೆ ನಮ್ಮನ್ನು ಒಯ್ಯುವ ಮಣಿ) ಎಸೆದರೆ ಸುಮಾರು 1000 ಬ್ಲಾಕ್ ಆಚೆಗೆ ಬೀಳುತ್ತೀರಿ. 2016ರಲ್ಲಿ ಆಟಕ್ಕೆ ಸೇರಿದ ಹೊರ ದ್ವೀಪಗಳು ಇವೇ. ಹಾರಲು ಬೇಕಾದ ಎಲಿಟ್ರಾ ರೆಕ್ಕೆ ಸಿಗುವುದು ಅಲ್ಲಿನ ಹಡಗುಗಳಲ್ಲಿ ಮಾತ್ರ. ಹಾಗಾಗಿ ಹೋಗದೆ ವಿಧಿಯಿಲ್ಲ, ಒಪ್ಪುತ್ತೇನೆ.

ಅಲ್ಲಿ ಹಗಲಿಲ್ಲ, ರಾತ್ರಿಯಿಲ್ಲ, ಮಳೆಯಿಲ್ಲ. ಮಾಸಲು ಹಳದಿ ಕಲ್ಲು, ಅಲ್ಲಲ್ಲಿ ನೇರಳೆ ಬಣ್ಣದ ಕೋರಸ್ ಗಿಡ, ಕಣ್ಣಿಗೆ ಕಣ್ಣು ಕೊಟ್ಟರೆ ಮೈಮೇಲೆ ಬರುವ ಎಂಡರ್‌ಮ್ಯಾನ್‌ಗಳು. ದ್ವೀಪವೆಂದರೆ ಸುತ್ತ ನೀರಿರಬೇಕಲ್ಲವೇ? ಇಲ್ಲಿ ನೀರಿರಬೇಕಾದ ಕಡೆ ಏನೂ ಇಲ್ಲ. ದಂಡೆ ಮುಗಿದಲ್ಲಿಂದ ತಳವಿಲ್ಲದ ಕತ್ತಲು. ದಿಕ್ಸೂಚಿಯ ಮುಳ್ಳು ಗಿರಗಿರನೆ ಸುತ್ತುತ್ತಲೇ ಇರುತ್ತದೆ. ಮಲಗೋಣವೆಂದು ಹಾಸಿಗೆ ಹಾಕಿದರೆ ಅದೇ ಸಿಡಿಯುತ್ತದೆ.

ಎದುರಿನ ದ್ವೀಪದ ಅಂಚಿನಲ್ಲೇ ನಗರವೊಂದು ಕಂಡಿತು, ಪಕ್ಕದಲ್ಲಿ ಹಡಗು. ಬೆನ್ನು ಬಾಗಿಸಿ, ಶಿಫ್ಟ್ ಕೀಲಿಯ ಮೇಲಿನ ಬೆರಳು ತೆಗೆಯದೆ, ಒಂದೇ ಬ್ಲಾಕ್ ಅಗಲದ ಕಲ್ಲಿನ ಸೇತುವೆ ಕಟ್ಟುತ್ತ ಹೋದೆ. ಹಾಗೆ ಬಾಗಿದ್ದರೆ ಅಂಚಿನಿಂದ ಜಾರುವುದಿಲ್ಲ, ಆ ಧೈರ್ಯ ನನಗಿತ್ತು. ಇನ್ನು ಆರೇ ಬ್ಲಾಕ್ ಬಾಕಿ ಇದ್ದಾಗ ಗೋಡೆಯ ಮೇಲಿನ ನೇರಳೆ ಪೆಟ್ಟಿಗೆಯೊಂದು ಬಾಯಿ ತೆರೆಯಿತು. ಅದು ಶಲ್ಕರ್, ಪೆಟ್ಟಿಗೆಯಂತೆ ಕಾಣುವ ಶತ್ರು. ಬಿಳಿಯ ಗುಂಡೊಂದು ಅತ್ತಿತ್ತ ತಿರುಗುತ್ತ, ನಿಧಾನವಾಗಿ, ನನ್ನನ್ನೇ ಹುಡುಕಿಕೊಂಡು ಬಂತು. ಅದನ್ನು ಕತ್ತಿಯಿಂದ ಹೊಡೆದು ಕೆಡವಬಹುದು, ಗುರಾಣಿಯಿಂದಲೂ ತಡೆಯಬಹುದು. ನನ್ನ ಕೈಯಲ್ಲಿ ಕಲ್ಲಿತ್ತು.

ಗುಂಡು ತಗುಲಿದರೆ ಹತ್ತು ಸೆಕೆಂಡು ಮೇಲಕ್ಕೆ ತೇಲುತ್ತೀರಿ. ಶಿಫ್ಟ್ ಒತ್ತಿ ಹಿಡಿದರೂ ಪ್ರಯೋಜನವಿಲ್ಲ. ಕೆಳಗೆ ನೋಡಿದೆ, ಸೇತುವೆ ಒಂದು ಗೀಟಿನಷ್ಟು ಸಣ್ಣದಾಗಿ ಕಾಣುತ್ತಿತ್ತು. ಅದರ ನೇರಕ್ಕೆ ಬರಲು ಹಿಂದೆ ಸರಿದೆ, ಮುಂದೆ ಸರಿದೆ. ತೇಲುವುದು ನಿಂತಾಗ ಸೇತುವೆಯ ಕಲ್ಲು ಎಡಭುಜದ ಪಕ್ಕದಲ್ಲೇ ಹಾದು ಮೇಲಕ್ಕೆ ಹೋಯಿತು. ಎಡಗೈಯಲ್ಲಿ ಸಾವಿನಿಂದ ಉಳಿಸುವ ಟೋಟೆಮ್ ಇತ್ತು. ಆ ತಳವಿಲ್ಲದ ಶೂನ್ಯಕ್ಕೆ ಬಿದ್ದವರನ್ನು ಟೋಟೆಮ್ ಉಳಿಸುವುದಿಲ್ಲ. ದಯವಿಟ್ಟು ಇದನ್ನು ನೆನಪಿಡಿ, ಬಹಳ ಜನ ಅದನ್ನೇ ನಂಬಿ ಹೋಗುತ್ತಾರೆ.

ಬೇರೆ ಕಡೆ ಸತ್ತರೆ ಸಾಮಾನು ಐದು ನಿಮಿಷ ನೆಲದ ಮೇಲೆ ಬಿದ್ದಿರುತ್ತದೆ, ಓಡಿಹೋಗಿ ಎತ್ತಿಕೊಳ್ಳಬಹುದು. ಲಾವಾದಲ್ಲಿ ಬಿದ್ದರೂ ಆಟದ ಅತಿ ಗಟ್ಟಿ ಲೋಹವಾದ ನೆದರೈಟ್ ಸುಡುವುದಿಲ್ಲ. ಶೂನ್ಯಕ್ಕೆ ಬಿದ್ದದ್ದು ಮಾತ್ರ ಮರಳಿ ಬಾರದು. ನೆದರೈಟ್ ಕವಚದ ಒಂದು ಪೂರ್ತಿ ಜೊತೆಗೆ ಹದಿನಾರು ತುಂಡು ಏನ್ಶಂಟ್ ಡೆಬ್ರಿ ಎಂಬ ಅದಿರು ಅಗೆಯಬೇಕು. ಅಷ್ಟನ್ನೂ ನಾನು ಅಗೆದದ್ದು ಚಿನ್ನಿಯಿಂದಲೇ.

ಹೋಗಲೇಬೇಕಿದ್ದರೆ ಮೊದಲು ಎಂಡರ್ ಚೆಸ್ಟ್ ಮಾಡಿಕೊಳ್ಳಿ. ಎಂಟು ಅಬ್ಸಿಡಿಯನ್, ಒಂದು ಐ ಆಫ್ ಎಂಡರ್ ಸಾಕು. ಅದರ 27 ಖಾನೆಗಳಲ್ಲಿ ಇಟ್ಟದ್ದು ಅದೇ ಆಟದಲ್ಲಿ ಎಲ್ಲಿನ ಎಂಡರ್ ಚೆಸ್ಟ್ ತೆರೆದರೂ ಸಿಗುತ್ತದೆ. ದಾರಿಯಲ್ಲಿ ಸಿಕ್ಕಿದ್ದನ್ನೂ ಆಗಾಗ ಅದರಲ್ಲಿ ಹಾಕುತ್ತಿರಿ. ಮೆಲ್ಲಗೆ ಇಳಿಸುವ ಸ್ಲೋ ಫಾಲಿಂಗ್ ಮದ್ದಿಗೆ ರೆಡ್‌ಸ್ಟೋನ್ ಬೆರೆಸಿದರೆ ನಾಲ್ಕು ನಿಮಿಷ ಕೆಲಸ ಮಾಡುತ್ತದೆ, ಬಿದ್ದರೂ ತೇಲುತ್ತ ದಂಡೆಯ ಕಡೆಗೆ ಪರ್ಲ್ ಎಸೆಯಲು ಸಮಯ ಸಿಗುತ್ತದೆ. ಬಂದ ದ್ವಾರದ ಸ್ಥಾನಸಂಖ್ಯೆಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ನಗರದ ಹತ್ತಿರ ಸೇತುವೆಯನ್ನು ಮೂರು ಬ್ಲಾಕ್ ಅಗಲ ಮಾಡಿ, ತಲೆಯ ಮೇಲೆ ಮಾಡು ಹೊದಿಸಿ. ಮಾಡು ಇದ್ದರೆ ಶಲ್ಕರ್ ಗುಂಡು ನಿಮ್ಮನ್ನು ಎತ್ತಿ ಒಯ್ಯಲಾರದು. ಅಷ್ಟು ಕಲ್ಲು ನನ್ನ ಚೀಲದಲ್ಲೇ ಇತ್ತು.

ಭಾನುವಾರ ಬೆಳಿಗ್ಗೆ ತಂಗಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಚಿನ್ನಿಯೂ ಹೋಯಿತೇ?” ಎಂದಳು. ಹೌದು ಎಂದೆ. ಸೇತುವೆ ಎಲ್ಲಿಯವರೆಗೆ ಬಂದಿದೆ ಎಂದು ಕೇಳಿದಳು. ಆರು ಬ್ಲಾಕ್ ಬಾಕಿ ಇದೆ ಎಂದೆ. ದಸರಾ ರಜೆಗೆ ತಾನು ಬರುವ ತನಕ ಅದನ್ನು ಮುಟ್ಟಬೇಡ ಎಂದಿದ್ದಾಳೆ.