ಏಳು ವರ್ಷ ಮಡಿಸಿ ಬಿಚ್ಚಿದ ಮೇಲೆ: ಮನೆಯಲ್ಲಿ ಕಟ್ಟಿದ ಹುಡ್ ಚೌಕಟ್ಟು

ಹಳೆಯ ಕಾಲದ ಶೈಲಿಯ ನನ್ನ ಎರಡು ಆಸನದ ತೆರೆದ ಕಾರಿಗೆ ನಾನೇ ಕಟ್ಟಿದ, ಮಡಿಸುವ ಹುಡ್‌ನ (ಬಟ್ಟೆಯ ಮೇಲ್ಛಾವಣಿಯ) ಚೌಕಟ್ಟನ್ನು ಏಳು ವರ್ಷಗಳಿಂದ ಬಳಸುತ್ತಿದ್ದೇನೆ. ಸರಿಯಾಗಿ ಹೇಳುವುದಾದರೆ ಕಟ್ಟಿದ್ದು ಎರಡು ಚೌಕಟ್ಟು. ಅಲ್ಯೂಮಿನಿಯಂ ಪೈಪಿನ ಮೊದಲನೆಯದು ಎರಡು ವರ್ಷ ಬಾಳಿತು. ಉಕ್ಕಿನ ತೋಳುಗಳ ಮೇಲೆ ಮರದ ಕಮಾನುಗಳನ್ನು ಕೂರಿಸಿದ ಎರಡನೆಯದು ಐದು ವರ್ಷಗಳಿಂದ ಕಾರಿನ ಮೇಲಿದೆ. ಯಾವ ಬಟ್ಟೆ ಹೊದಿಸಬೇಕು, ಹೊಲಿಗೆ ಹೇಗಿರಬೇಕು ಎಂಬುದನ್ನು ಓದುಗರು ಈಗಾಗಲೇ ಸಾಕಷ್ಟು ಓದಿರುತ್ತಾರೆ, ಆದ್ದರಿಂದ ಅದನ್ನು ಬಿಡುತ್ತೇನೆ. ನನ್ನನ್ನು ಬರೆಯಲು ಕೂರಿಸಿದ್ದು ಎರಡು ವರ್ಷ ನನ್ನ ಬಲಗಿವಿಯ ಪಕ್ಕದಲ್ಲಿ ಟಕ್ ಟಕ್ ಎನ್ನುತ್ತಿದ್ದ ಒಂದು ಕೀಲು.

ಮೊದಲ ಬಾರಿ ನಾನು ಲೆಕ್ಕ ಹಾಕಿದ್ದೆಲ್ಲ ತೂಕದ ಬಗ್ಗೆ. ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದರಷ್ಟು ಮಾತ್ರ ತೂಗುತ್ತದೆ, ಆದರೆ ಬಾಗುವಿಕೆಯನ್ನು ತಡೆಯುವುದೂ ಉಕ್ಕಿನ ಮೂರನೇ ಒಂದರಷ್ಟೇ. ಹಾಗಾಗಿ 19 ಮಿ.ಮೀ. ಹೊರವ್ಯಾಸದ, 1.6 ಮಿ.ಮೀ. ದಪ್ಪದ ಉಕ್ಕಿನ ಪೈಪು ಕೊಡುವ ಬಿಗಿತವನ್ನು ಅಲ್ಯೂಮಿನಿಯಂನಲ್ಲಿ ಪಡೆಯಬೇಕಾದರೆ 25 ಮಿ.ಮೀ. ವ್ಯಾಸದ, 2 ಮಿ.ಮೀ. ದಪ್ಪದ ಪೈಪು ಬೇಕಾಗುತ್ತದೆ. ಆಗಲೂ ಒಂದು ಮೀಟರಿಗೆ ಸುಮಾರು 690 ಗ್ರಾಂ ಇದ್ದದ್ದು 390 ಗ್ರಾಮಿಗೆ ಇಳಿಯುತ್ತದೆ. ಕಾಗದದ ಮೇಲೆ ಇದು ಒಳ್ಳೆಯ ವ್ಯಾಪಾರವಾಗಿಯೇ ಕಂಡಿತು. ಮಡಿಸಿದ ಮೇಲೆ ಮೂರು ಕಮಾನುಗಳು ಒಂದರ ಮೇಲೊಂದು ಮಲಗಬೇಕು, ಪ್ರತಿಯೊಂದೂ ಮೊದಲಿಗಿಂತ 6 ಮಿ.ಮೀ. ಹೆಚ್ಚು ದಪ್ಪವಾದರೆ ಒಟ್ಟು 18 ಮಿ.ಮೀ. ಮೇಲೇಳುತ್ತದೆ ಎಂಬುದು ಮಾತ್ರ ನನಗೆ ಹೊಳೆಯಲಿಲ್ಲ. ಆಸನದ ಹಿಂದಿನ ಗುಂಡಿಯಲ್ಲಿ ಹುಡ್ ಪೂರ್ತಿ ಕೂರಲೇ ಇಲ್ಲ. ಎರಡು ವರ್ಷ ಅದರ ಬೆನ್ನು ಕಾರಿನ ಅಂಚಿನಿಂದ ಇಣುಕುತ್ತಲೇ ಇತ್ತು.

ಅದನ್ನಾದರೂ ಸಹಿಸಬಹುದಿತ್ತು. ನನ್ನ ಬಳಿ ಇದ್ದದ್ದು ಒಂದು ಕೈ ಡ್ರಿಲ್, ಒಂದು ಗ್ರೈಂಡರ್ ಮತ್ತು ಉಕ್ಕನ್ನು ಮಾತ್ರ ಬೆಸೆಯಬಲ್ಲ ಸಣ್ಣ ವೆಲ್ಡಿಂಗ್ ಯಂತ್ರ. ಅಲ್ಯೂಮಿನಿಯಂ ಬೆಸೆಯಲು ಬೇರೆ ಯಂತ್ರವೂ ಬೇರೆ ಕೈಯೂ ಬೇಕು. ಬೆಸೆದರೂ 6061-ಟಿ6 ರೀತಿಯ, ಶಾಖ ಕೊಟ್ಟು ಗಟ್ಟಿ ಮಾಡಿದ ಮಿಶ್ರಲೋಹ ಬೆಸುಗೆಯ ಅಕ್ಕಪಕ್ಕದಲ್ಲಿ ತನ್ನ ಬಲದ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ಪೈಪಿಗೆ ನೇರವಾಗಿ ತೂತು ಕೊರೆದು, ಸ್ಟೇನ್‌ಲೆಸ್ ಬೋಲ್ಟ್ ತೂರಿಸಿ, ಅದನ್ನೇ ಕೀಲು ಎಂದು ಕರೆದೆ. ಅದೂ ತುದಿಯಿಂದ ತಲೆಯವರೆಗೆ ಮರೆ (ತಿರುಪಿನ ಗೀರು) ಇದ್ದ ಬೋಲ್ಟು! ಹುಡ್ ಏರಿಸಿ ಇಳಿಸಿದಷ್ಟು ಬಾರಿಯೂ ಆ ಮರೆ 2 ಮಿ.ಮೀ. ದಪ್ಪದ ಮೆತ್ತನೆಯ ಗೋಡೆಯನ್ನು ಅರದಂತೆ ತಿಂದಿತು. ಮೊದಲ ವರ್ಷ ಮುಗಿಯುವ ಹೊತ್ತಿಗೆ ದುಂಡಗಿದ್ದ ತೂತುಗಳು ಮೊಟ್ಟೆಯಾಕಾರಕ್ಕೆ ತಿರುಗಿದ್ದವು. ತೇವ ಸೇರಿದಾಗ ಸ್ಟೇನ್‌ಲೆಸ್ ಉಕ್ಕು ಮತ್ತು ಅಲ್ಯೂಮಿನಿಯಂ ಬ್ಯಾಟರಿಯ ಎರಡು ತುದಿಗಳಂತೆ ವರ್ತಿಸುತ್ತವೆ, ಸವೆಯುವುದು ಅಲ್ಯೂಮಿನಿಯಮ್ಮೇ. ಪ್ರತಿ ಬೋಲ್ಟಿನ ಸುತ್ತ ಬಿಳಿಯ ಹುಡಿ ಉದುರತೊಡಗಿತು.

ಸಡಿಲವು ಎಷ್ಟು ದೊಡ್ಡ ಶತ್ರು ಎಂಬುದು ಒಂದು ಸಣ್ಣ ಲೆಕ್ಕ ಹಾಕಿದಾಗ ಅರ್ಥವಾಯಿತು. 20 ಮಿ.ಮೀ. ಅಗಲದ ಕೀಲಿನಲ್ಲಿ ಅರ್ಧ ಮಿ.ಮೀ. ಸಡಿಲವಿದ್ದರೆ, 600 ಮಿ.ಮೀ. ಉದ್ದದ ತೋಳಿನ ತುದಿ ಪಕ್ಕಕ್ಕೆ ಸುಮಾರು 15 ಮಿ.ಮೀ. ಓಲಾಡುತ್ತದೆ. ನನ್ನ ಕೀಲಿನ ಅಗಲ 20 ಕೂಡ ಇರಲಿಲ್ಲ. ಮುಂಗಾಜಿನ ಮೇಲಂಚಿನಲ್ಲಿರುವ ಕೊಕ್ಕೆಗಳಿಗೆ ಹುಡ್‌ನ ಮುಂಪಟ್ಟಿ ಎಂದೂ ನೇರವಾಗಿ ಸಿಗುತ್ತಿರಲಿಲ್ಲ. ಒಂದು ಕೈಯಲ್ಲಿ ಪಟ್ಟಿಯನ್ನು ಎಡಕ್ಕೆ ನೂಕಿ ಹಿಡಿದು ಇನ್ನೊಂದು ಕೈಯಲ್ಲಿ ಕೊಕ್ಕೆ ಸಿಕ್ಕಿಸಬೇಕಿತ್ತು, ಅದೂ ಮಳೆ ಶುರುವಾದ ಮೇಲೆ. ರಸ್ತೆ ಒರಟಾದ ಕಡೆಯಲ್ಲೆಲ್ಲ ಟಕ್ ಟಕ್. ಸದ್ದು ನಿಲ್ಲಿಸಲು ತೆಳುವಾದ ವಾಷರ್ ತುರುಕಿದೆ, ಗ್ರೀಸ್ ಬಳಿದೆ, ಗ್ರೀಸ್ ಬಟ್ಟೆಗೆ ಮೆತ್ತಿತು. ಅಷ್ಟು ಸಾಲದೆಂಬಂತೆ ಬಳಿಯದೆ ಬಿಟ್ಟ ಅಲ್ಯೂಮಿನಿಯಂ ಕಮಾನುಗಳು ತಾಗಿದಲ್ಲೆಲ್ಲ ಒಳಬಟ್ಟೆಯ ಮೇಲೆ ಕಪ್ಪು ಗೆರೆ ಮೂಡಿತು. ಚಳಿಯ ಮುಂಜಾನೆಗಳಲ್ಲಿ ಲೋಹ ಬೆವರಿ, ನಡುವಿನ ಕಮಾನಿನಿಂದ ಒಂದೊಂದೇ ಹನಿ ತೊಡೆಯ ಮೇಲೆ ಬೀಳುತ್ತಿತ್ತು. ಹೊರಗೆ ಮಳೆಯಿಲ್ಲದಿದ್ದರೂ ಹುಡ್‌ನ ಒಳಗೆ ಮಳೆ!

ಎರಡನೆಯ ಚೌಕಟ್ಟಿಗೆ ಕೈಹಾಕುವ ಮೊದಲು ಹಲವರ ಸಲಹೆ ಕೇಳಿದೆ. ಸ್ಟೇನ್‌ಲೆಸ್ ಪೈಪು ಚೆನ್ನಾಗಿ ಕಾಣುತ್ತದೆ, ತುಕ್ಕಿನ ಭಯವೂ ಕಡಿಮೆ. ಆದರೆ ತೂಕದಲ್ಲಿ ಸಾದಾ ಉಕ್ಕಿನಷ್ಟೇ, ನನ್ನ ಕೈಯಲ್ಲಿದ್ದ ಹಣಕ್ಕೆ ಮೀರಿದ್ದು, ಮೇಲಾಗಿ ಕೈ ಡ್ರಿಲ್ ಸ್ವಲ್ಪ ಜಾರಿದರೂ ಕೊರೆಯುವ ಜಾಗ ಇನ್ನಷ್ಟು ಗಟ್ಟಿಯಾಗಿಬಿಡುತ್ತದೆ. ವಿದ್ಯುತ್ ತಂತಿ ಎಳೆಯುವ ಸತು ಲೇಪಿತ ಪೈಪು ಸುಲಭವಾಗಿ ಬಾಗುತ್ತದೆ ಎಂದು ಒಬ್ಬರು ಹೇಳಿದರು. ಬಾಗುವುದು ನಿಜ, ಆದರೆ ಬೆಸೆಯುವಾಗ ಏಳುವ ಸತುವಿನ ಹೊಗೆ ಕುಡಿದವರಿಗೆ ಅದೇ ದಿನ ಚಳಿಜ್ವರ ಬರುತ್ತದೆ. ಲೇಪನವನ್ನು ಉಜ್ಜಿ ತೆಗೆದು ಬೆಸೆಯಬಹುದು. ಹಾಗೆ ಮಾಡಿದರೆ ಅದನ್ನು ಕೊಂಡ ಉದ್ದೇಶವೇ ಉಳಿಯುವುದಿಲ್ಲ.

ಕೊನೆಗೆ ಆರಿಸಿಕೊಂಡದ್ದು 25 ಮಿ.ಮೀ. ಅಗಲದ, 5 ಮಿ.ಮೀ. ದಪ್ಪದ ಸಾದಾ ಉಕ್ಕಿನ ಪಟ್ಟಿ. ಅದನ್ನು ಕತ್ತರಿಸುವ ಮೊದಲು ತೆಳುವಾದ ಮರದ ರೀಪುಗಳನ್ನು ಬೋಲ್ಟಿನಿಂದ ಜೋಡಿಸಿ, ಕಾರಿನ ಪಕ್ಕದಲ್ಲಿ ಹಿಡಿದು, ಹತ್ತಾರು ಬಾರಿ ಮಡಿಸಿ ಬಿಚ್ಚಿ ನೋಡಿದೆ. ಎರಡು ಸಂಜೆ ತೆಗೆದುಕೊಂಡ ಈ ಆಟ ನನಗೆ ಉಳಿಸಿದ ಉಕ್ಕು ಸ್ವಲ್ಪವಲ್ಲ. ಕೀಲಿನ ಜಾಗ ಒಂದು ಬೆರಳಿನಷ್ಟು ಹಿಂದೆ ಸರಿದರೆ ಮುಂಪಟ್ಟಿ ಮುಂಗಾಜನ್ನು ಮುಟ್ಟುವುದೇ ಇಲ್ಲ ಎಂಬುದು ರೀಪಿನಲ್ಲೇ ಗೊತ್ತಾಯಿತು. ಪ್ರತಿ ಕೀಲಿಗೂ 25 ಮಿ.ಮೀ. ಉದ್ದದ ಉಕ್ಕಿನ ಕೊಳವೆಯ ತುಂಡನ್ನು ಬೆಸೆದು, ಒಳಗೆ ಬುಷ್ (ಬೋಲ್ಟು ಸಡಿಲವಿಲ್ಲದೆ ತಿರುಗಲು ಹಾಕುವ ಒಳಬಳೆ) ಕೂರಿಸಿ, ಮರೆಯಿಲ್ಲದ ನುಣುಪು ಭಾಗವೇ ಬುಷ್‌ನೊಳಗೆ ತಿರುಗುವಂತೆ 8 ಮಿ.ಮೀ. ಬೋಲ್ಟುಗಳನ್ನು ಆರಿಸಿದೆ.

ಬುಷ್‌ನಲ್ಲಿಯೂ ಒಮ್ಮೆ ಎಡವಿದೆ. ಕೈಗೆ ಸಿಕ್ಕಿದ ನೈಲಾನ್ ಹಾಕಿದ್ದೆ. ನೈಲಾನ್ ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ. ಒಣ ದಿನದಲ್ಲಿ ಬೆಣ್ಣೆಯಂತೆ ತಿರುಗಿದ ಕೀಲು ಮಳೆ ಹಿಡಿದ ವಾರದಲ್ಲಿ ಮಿಸುಕದೆ ನಿಂತಿತು. ಅದನ್ನು ಕಿತ್ತು, ತೂಕದ ಶೇ. 1ಕ್ಕಿಂತ ಕಡಿಮೆ ನೀರು ಹೀರುವ ಅಸಿಟಾಲ್ ಪ್ಲಾಸ್ಟಿಕ್ಕಿನ ಬುಷ್‌ಗಳನ್ನು ಲೇತ್‌ನಲ್ಲಿ ಕಡೆಸಿ ಹಾಕಿದೆ. ಕಂಚಿನ ಬುಷ್ ಇನ್ನೂ ಗಟ್ಟಿ ಎಂಬುದನ್ನು ಒಪ್ಪುತ್ತೇನೆ, ಆದರೆ ಅದಕ್ಕೆ ಎಣ್ಣೆ ಬೇಕು, ಎಣ್ಣೆಗೆ ಧೂಳು ಹಿಡಿಯುತ್ತದೆ, ಆ ಮಸಿ ಕೊನೆಗೆ ಬಟ್ಟೆಗೇ ಬರುತ್ತದೆ. ಆ ದಿನದಿಂದ ಟಕ್ ಟಕ್ ಕೇಳಿಸಿಲ್ಲ.

ಕಮಾನುಗಳನ್ನು ಮರದಲ್ಲಿ ಮಾಡಿದ್ದು ಯೋಚಿಸಿ ಮಾಡಿದ್ದೇನಲ್ಲ. ಪೈಪನ್ನು ಒಂದೇ ಸಮನಾಗಿ ಬಾಗಿಸುವ ಸಾಧನ ನನ್ನ ಬಳಿ ಇರಲಿಲ್ಲ, ಮರಳು ತುಂಬಿ ಬಾಗಿಸಿದ ಎರಡು ಪೈಪುಗಳು ಒಂದರಂತೆ ಒಂದಿರಲಿಲ್ಲ. ಹಳೆಯ ತೆರೆದ ಕಾರುಗಳ ಹುಡ್‌ಗೆ ಬಾಗಿಸಿದ ಆಶ್ ಮರವನ್ನು ಬಳಸುತ್ತಿದ್ದರು, ಬ್ರಿಟನ್ನಿನ ಕಾರು ತಯಾರಕ ಮಾರ್ಗನ್ ಕಂಪನಿ ಇಂದಿಗೂ ಬಾಡಿಯ ಚೌಕಟ್ಟಿಗೆ ಅದೇ ಮರವನ್ನು ನೆಚ್ಚಿಕೊಂಡಿದೆ ಎಂಬ ಧೈರ್ಯದಿಂದ ನಾನೂ ಆಶ್ ತಂದೆ. 25 ಮಿ.ಮೀ. ದಪ್ಪಕ್ಕೆ ಒಂದು ಗಂಟೆಯ ಹಬೆ ಎಂಬುದು ರೂಢಿಯ ಲೆಕ್ಕ, ಅದರಂತೆ 20 ಮಿ.ಮೀ. ದಪ್ಪದ ಪಟ್ಟಿಗಳಿಗೆ ಮುಕ್ಕಾಲು ಗಂಟೆಯ ಮೇಲೆ ಹಬೆ ಕೊಟ್ಟು ಅಚ್ಚಿಗೆ ಬಗ್ಗಿಸಿದೆ. ಐದರಲ್ಲಿ ಮೂರು ಸಿಡಿದು ಹೋದವು. ತಪ್ಪು ಮರದ್ದಲ್ಲ, ಒಲೆಯಲ್ಲಿ ಒಣಗಿಸಿದ ಮರ ತಂದ ನನ್ನದು. ಹಬೆಯಲ್ಲಿ ಬಾಗಿಸಲು ಗಾಳಿಯಲ್ಲಿ ನಿಧಾನವಾಗಿ ಆರಿದ, ಎಳೆ ನೇರವಾಗಿರುವ ಮರ ಬೇಕು. ಉಳಿದ ಮರವನ್ನು 3 ಮಿ.ಮೀ. ಪದರಗಳಾಗಿ ಸೀಳಿಸಿ, ಏಳು ಪದರಗಳನ್ನು ಎಪಾಕ್ಸಿ ಅಂಟಿನಿಂದ ಅಚ್ಚಿನ ಮೇಲೆ ಒತ್ತಿ ಕಟ್ಟಿದೆ. ಹಾಗೆ ಮಾಡಿದ ಕಮಾನು ಅಚ್ಚಿನಿಂದ ಬಿಚ್ಚಿದ ಮೇಲೂ ಹೆಚ್ಚುಕಡಿಮೆ ಅದೇ ಆಕಾರದಲ್ಲಿ ಉಳಿಯುತ್ತದೆ, ಒಂದೇ ಅಚ್ಚಿನದಾದ್ದರಿಂದ ಮೂರೂ ಒಂದೇ ರೀತಿ ಬರುತ್ತವೆ.

ಆ ಮರ ನನಗೆ ಇಷ್ಟು ಸುಖ ಕೊಡುತ್ತದೆ ಎಂದು ನಾನು ಎಣಿಸಿರಲಿಲ್ಲ. ಮರ ಬೆವರುವುದಿಲ್ಲ, ಆದ್ದರಿಂದ ತೊಡೆಯ ಮೇಲೆ ಹನಿಯಿಲ್ಲ. ಬಟ್ಟೆಯನ್ನು ಹಿಡಿಸಲು ಅಂಟು, ರಿವೆಟ್, ಪಟ್ಟಿ ಏನೂ ಬೇಡ. ಪುಟ್ಟ ಮೊಳೆಯೋ ಸ್ಟೇನ್‌ಲೆಸ್ ಸ್ಟೇಪಲ್ಲೋ ಸಾಕು, ಸರಿಬರದಿದ್ದರೆ ಕಿತ್ತು ಎರಡು ಬೆರಳು ಆಚೆ ಹೊಡೆಯಬಹುದು. ಸಾದಾ ಉಕ್ಕಿನ ಸ್ಟೇಪಲ್ ಮಾತ್ರ ಬೇಡ, ಅದರ ತುಕ್ಕು ಬಟ್ಟೆಯ ಮೇಲೆ ಕಂದು ಕಲೆಯಾಗಿ ಇಳಿಯುತ್ತದೆ. ಮಳೆಯ ಸದ್ದು ಕೂಡ ಬದಲಾಗಿದೆ. ಮೊದಲು ಕಮಾನಿನ ಮೇಲೆ ಬಿದ್ದ ಹನಿ ಪೈಪಿನೊಳಗೆ ಗುಂಯ್ ಎನ್ನುತ್ತಿತ್ತು, ಈಗ ಬಟ್ಟೆಯ ಮೇಲಿನ ಮೆತ್ತನೆಯ ಸದ್ದಷ್ಟೇ ಕೇಳುತ್ತದೆ.

ಸಂಜೆ ಕಾರು ನಿಲ್ಲಿಸಿ ಹುಡ್ ಇಳಿಸುವ ಕೆಲಸವನ್ನು ನಾನು ಬೇರೆಯವರಿಗೆ ಬಿಡುವುದಿಲ್ಲ. ಮೊದಲು ಅಂಗೈಯಿಂದ ಸವರಿ ಬಟ್ಟೆ ಒಣಗಿದೆಯೇ ಎಂದು ನೋಡುತ್ತೇನೆ, ತೇವವಿದ್ದರೆ ಅಂದು ಇಳಿಸುವ ಮಾತಿಲ್ಲ. ಒದ್ದೆ ಮಡಿಕೆಯಲ್ಲಿ ಬೂಷ್ಟು ಕಟ್ಟಲು ಹೆಚ್ಚು ದಿನ ಬೇಕಾಗುವುದಿಲ್ಲ. ಬಟ್ಟೆಯ ಹಿಂಬದಿಯ ಬಟನ್‌ಗಳನ್ನು ಬಿಚ್ಚಿ, ಮುಂದಿನ ಎರಡು ಕೊಕ್ಕೆಗಳನ್ನು ಒಟ್ಟಿಗೇ ಸಡಿಲಿಸಿ, ಮುಂಪಟ್ಟಿಯನ್ನು ಒಂದು ಗೇಣು ಎತ್ತಿ ಅಲ್ಲೇ ನಿಲ್ಲಿಸುತ್ತೇನೆ. ತೋಳುಗಳ ನಡುವೆ ಜೋತುಬಿದ್ದ ಬಟ್ಟೆಯನ್ನು ಎರಡೂ ಬದಿಯಿಂದ ಹೊರಗೆಳೆಯುವುದು ಈ ಹಂತದಲ್ಲೇ. ಇದನ್ನು ಮರೆತರೆ ತೋಳುಗಳು ಕತ್ತರಿಯಂತೆ ಬಟ್ಟೆಯನ್ನು ಕಚ್ಚುತ್ತವೆ. ಹಿಂದಿನ ಪಾರದರ್ಶಕ ಕಿಟಕಿಯ ಮೇಲೆ ಹಳೆಯ ಹತ್ತಿ ಬಟ್ಟೆಯೊಂದನ್ನು ಹಾಸಿ, ಕಮಾನುಗಳನ್ನು ಒಂದೊಂದಾಗಿ ಹಿಂದಕ್ಕೆ ಮಲಗಿಸುತ್ತೇನೆ. ಮರದ ಮೇಲೆ ಮರ ಕೂರುವಾಗ ಥಪ್ ಎಂಬ ಒಂದು ತುಂಬಿದ ಸದ್ದು ಬರುತ್ತದೆ. ಅದು ಬಂದಿತೆಂದರೆ ಎಲ್ಲವೂ ತನ್ನ ತನ್ನ ಜಾಗದಲ್ಲಿದೆ ಎಂದರ್ಥ, ಬಗ್ಗಿ ನೋಡುವ ಅಗತ್ಯವೂ ಇಲ್ಲ.

ಕೊರತೆಗಳಿಲ್ಲವೆಂದಲ್ಲ. ಅಲ್ಯೂಮಿನಿಯಂ ಚೌಕಟ್ಟನ್ನು ಆಸನದಲ್ಲಿ ಕುಳಿತಂತೆಯೇ ಒಂದು ಕೈಯಲ್ಲಿ ಎತ್ತುತ್ತಿದ್ದೆ, ಇದಕ್ಕೆ ಕೆಳಗಿಳಿದು ಎರಡೂ ಕೈ ಹಾಕಬೇಕು. ದಾರಿಯಲ್ಲಿ ದಿಢೀರ್ ಮಳೆ ಬಂದಾಗ ಹಳೆಯದರ ನೆನಪಾಗುತ್ತದೆ. ಕಮಾನುಗಳ ನಡುವಿನ ಅಂತರವನ್ನು ಹಿಡಿದಿಡುವ ನೇಯ್ದ ಪಟ್ಟಿಗಳನ್ನು ಮೊದಲು ನೈಲಾನಿನದು ಹಾಕಿ, ಅವು ನೆನೆದಾಗ ಜಗ್ಗಿದ್ದರಿಂದ ಪಾಲಿಯೆಸ್ಟರಿಗೆ ಬದಲಿಸಬೇಕಾಯಿತು. ಆ ಪಟ್ಟಿ ಉಕ್ಕಿನ ತೋಳನ್ನು ಮುಟ್ಟುವ ಜಾಗದಲ್ಲಿ ತೇವ ನಿಂತು ಬಣ್ಣದ ಅಡಿಯಿಂದ ತುಕ್ಕು ಎದ್ದಿತ್ತು. ಈಗ ಅಲ್ಲಿ ಒಂದು ತುಂಡು ಚರ್ಮವನ್ನು ನಡುವೆ ಇಟ್ಟಿದ್ದೇನೆ. ವರ್ಷಕ್ಕೊಮ್ಮೆ ಕಮಾನುಗಳಿಗೆ ವಾರ್ನಿಷ್ ಬಳಿಯಬೇಕು, ಕಿತ್ತ ಮೊಳೆಯ ತೂತುಗಳಿಗೆ ಕಡ್ಡಿಯ ತುದಿಯಿಂದ ಒಂದೊಂದು ಹನಿ ಬಿಡಬೇಕು. ಇಷ್ಟು ಆರೈಕೆಗೆ ಪುರುಸೊತ್ತಿಲ್ಲದವರು, ಅಲ್ಯೂಮಿನಿಯಂ ಬೆಸೆಯಬಲ್ಲವರು, ಹುಡ್ ಮಡಿಸಿಡಲು ದೊಡ್ಡ ಗುಂಡಿ ಇರುವ ಕಾರಿನವರು ನನ್ನ ಮೊದಲ ಚೌಕಟ್ಟನ್ನೇ ಸರಿಯಾದ ಬುಷ್ ಹಾಕಿ ಕಟ್ಟಿಕೊಳ್ಳಬಹುದು. ಅದು ಕೆಟ್ಟದ್ದು ಕೀಲಿನಿಂದಲೇ ಹೊರತು ಪೈಪಿನಿಂದಲ್ಲ.

ನನ್ನ ಮಟ್ಟಿಗೆ ಈ ವರ್ಷದ ಕೆಲಸ ಮುಂಪಟ್ಟಿಯ ಎಡ ತುದಿಯದು. ಐದು ವರ್ಷ ಒಂದೇ ಜಾಗದಲ್ಲಿ ಮೊಳೆ ಹೊಡೆದು ಕಿತ್ತು ಅಲ್ಲಿ ಮರ ಮೆತ್ತಗಾಗಿದೆ, ಉಗುರು ಒತ್ತಿದರೆ ಗುರುತು ಮೂಡುತ್ತದೆ. ಇಡೀ ಪಟ್ಟಿಯನ್ನು ಬದಲಿಸುವುದಿಲ್ಲ. ಕೊಳೆತಷ್ಟನ್ನು ಓರೆಯಾಗಿ ಕೊಯ್ದು, ಹೊಸ ಆಶ್ ತುಂಡೊಂದನ್ನು ಅದೇ ಓರೆಗೆ ಅಂಟಿಸುತ್ತೇನೆ. ಈ ಬಾರಿ ಗಾಳಿಯಲ್ಲಿ ಆರಿದ ಮರವನ್ನೇ ತಂದಿದ್ದೇನೆ.